ರೈಲು ನಿಂತ ಮೇಲೆ ಉಳಿದ ಹಾದಿ

ಹೈಸ್ಕೂಲಿನ ಭೂಗೋಳದಲ್ಲಿ ‘ಮೆಡಿಟರೇನಿಯನ್ ಹವಾಗುಣ’ ಎಂಬ ಒಂದು ಪಾಠ ಬರುತ್ತದೆ. ಒಣ ಬೇಸಗೆ, ಹಿತವಾದ ಚಳಿಗಾಲ, ಆಲಿವ್, ದ್ರಾಕ್ಷಿ, ಕಾರ್ಕ್ ಮರ. ಮಕ್ಕಳು ಇಷ್ಟನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರುದಿನ ಮರೆತುಬಿಡುತ್ತಾರೆ. ಆ ನಾಲ್ಕು ಸಾಲಿನ ಹಿಂದೆ ಒಂದು ನಾಡಿನ ಬದುಕೇ ಇದೆ ಎಂಬುದನ್ನು ತಿಳಿಯಬೇಕಾದರೆ ಅಲ್ಲಿಯ ಯಾವುದಾದರೊಂದು ಮಣ್ಣಿನ ದಾರಿಯನ್ನು ಹಿಡಿದು ಹೋಗಬೇಕು. ಸ್ಪೇನ್ ದೇಶದ ಈಶಾನ್ಯ ಮೂಲೆಯಲ್ಲಿರುವ ಕತಲೂನ್ಯಾದಲ್ಲಿ, ಜಿರೋನಾ ಪಟ್ಟಣದಿಂದ ಸಮುದ್ರ ತೀರಕ್ಕೆ ಹೋಗುವ ಅಂಥ ಒಂದು ದಾರಿಯನ್ನು ಇಲ್ಲಿ ಪರಿಚಯಿಸಬೇಕೆಂದಿದ್ದೇನೆ. ಒಂದು ಕಾಲದಲ್ಲಿ ಅದರ ಮೇಲೆ ರೈಲು ಓಡುತ್ತಿತ್ತು. ಇಂದು ಸೈಕಲ್ಲುಗಳು ಓಡುತ್ತಿವೆ.

ಜಿರೋನಾದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ನಮ್ಮ ಕಾಸರಗೋಡಿನಲ್ಲಿ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಆಟಿ ತಿಂಗಳಲ್ಲಿ ನಮ್ಮ ಕಚ್ಚಾ ರಸ್ತೆಗಳು ಕೆಸರುಗದ್ದೆಯಾಗಿರುವ ಹೊತ್ತಿಗೆ ಅಲ್ಲಿಯ ದಾರಿಗಳಲ್ಲಿ ಧೂಳೇಳುತ್ತಿರುತ್ತದೆ. ಹಾಗಾಗಿ ಡಾಂಬರು ಹಾಕದ ದಾರಿಯೂ ವರ್ಷದ ಬಹುಪಾಲು ಗಟ್ಟಿಯಾಗಿ, ಚಕ್ರ ಹೂಳದಂತೆ ಉಳಿಯುತ್ತದೆ. ಕತಲೂನ್ಯಾದ ಮಣ್ಣುದಾರಿಗಳು ಇಂದು ಸೈಕಲ್ ಸವಾರರ ನಡುವೆ ಹೆಸರಾಗಲು ಮೊದಲ ಕಾರಣ ಈ ಹವೆ. ಎರಡನೆಯ ಕಾರಣ ಅಲ್ಲಿಯ ಹಳೆಯ ರೈಲು.

ಬೂಚು ಹೊತ್ತ ಪುಟ್ಟ ರೈಲು

ಜಿರೋನಾದ ಪೂರ್ವಕ್ಕಿರುವ ಕಲ್ಲುಬಂಡೆಗಳ ಕರಾವಳಿಗೆ ‘ಕೋಸ್ತಾ ಬ್ರಾವಾ’ ಎಂದು ಹೆಸರು. ‘ಒರಟು ಕರಾವಳಿ’ ಎಂದು ಅರ್ಥ ಮಾಡಬಹುದು. ಇದು ಪುರಾತನ ಹೆಸರೇನೂ ಅಲ್ಲ. 1908ರಲ್ಲಿ ಫೆರಾನ್ ಆಗುಯ್ಯೊ ಎಂಬ ಪತ್ರಕರ್ತರು ಒಂದು ಕತಲಾನ್ ದಿನಪತ್ರಿಕೆಯಲ್ಲಿ ಬರೆದ ಲೇಖನದಿಂದ ಆ ಹೆಸರು ಹಬ್ಬಿತು. ಪತ್ರಿಕೆಯ ಒಂದು ಲೇಖನ ಇಡೀ ಕರಾವಳಿಗೆ ಹೆಸರಿಟ್ಟ ಉದಾಹರಣೆ ಹೆಚ್ಚಿಲ್ಲ.

ಈ ತೀರದ ಸಾಂತ್ ಫೆಲಿಯು ದ ಗೀಶೊಲ್ಸ್ ಎಂಬ ಬಂದರು ಪಟ್ಟಣ ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ಕೈಗಾರಿಕೆಯಿಂದ ಸಿರಿವಂತವಾಯಿತು. ಅದು ಸೀಸೆಯ ಬಾಯಿಗೆ ಹಾಕುವ ಬೂಚಿನ ಕೈಗಾರಿಕೆ. ಹಿಂಭಾಗದ ಗುಡ್ಡಗಳಲ್ಲಿ ಕಾರ್ಕ್ ಓಕ್ ಮರಗಳಿದ್ದವು. ಅವುಗಳ ತೊಗಟೆಯಿಂದ ಕೊರೆದ ಬೂಚುಗಳು ಫ್ರಾನ್ಸಿನ ಶಾಂಪೇನ್ ಸೀಸೆಗಳವರೆಗೂ ಹೋಗುತ್ತಿದ್ದವು. ಬಂದರಿಗೂ ಜಿರೋನಾಕ್ಕೂ ನಡುವೆ ಸರಕು ಸಾಗಿಸಲು 1892ರಲ್ಲಿ ಒಂದು ರೈಲುದಾರಿ ತೆರೆಯಿತು. ಹಳಿಗಳ ನಡುವಣ ಅಗಲ ಕೇವಲ 750 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್ ಇದೆಯೆಂದರೆ, ಅದರ ಅರ್ಧಕ್ಕೂ ಕಡಿಮೆ. ಜನ ಅದನ್ನು ಅಕ್ಕರೆಯಿಂದ ‘ಕರಿಲೆತ್’ ಎಂದು ಕರೆದರು. ‘ಪುಟ್ಟ ರೈಲು’ ಎಂದೇ ಅದರ ಅರ್ಥ.

ಇದಕ್ಕೂ ಮೊದಲೇ, 1887ರಲ್ಲಿ, ಉತ್ತರಕ್ಕಿರುವ ಪಾಲಾಮೋಸ್ ಬಂದರಿನಿಂದ ಇಂಥದೇ ಇನ್ನೊಂದು ಕಿರು ರೈಲು ಒಳನಾಡಿಗೆ ಹೊರಟಿತ್ತು. ಜಿರೋನಾದಿಂದ ಪಶ್ಚಿಮಕ್ಕೆ, ಆರಿದ ಜ್ವಾಲಾಮುಖಿಗಳ ನಡುವೆ ಇರುವ ಓಲೋತ್ ಪಟ್ಟಣಕ್ಕೆ ಮೂರನೆಯ ದಾರಿ 1911ರಲ್ಲಿ ಪೂರ್ತಿಯಾಯಿತು. ಹೀಗೆ ಗುಡ್ಡ, ಬಯಲು, ಬಂದರು ಮೂರನ್ನೂ ಈ ಪುಟ್ಟ ರೈಲುಗಳು ಒಂದೇ ದಾರದಲ್ಲಿ ಪೋಣಿಸಿದವು.

ಆಮೇಲೆ ಬಸ್ಸು ಲಾರಿಗಳು ಬಂದವು. ಪಾಲಾಮೋಸಿನ ರೈಲು 1956ರಲ್ಲಿ ನಿಂತಿತು. ಉಳಿದೆರಡೂ 1969ರಲ್ಲಿ ಮುಚ್ಚಿದವು. ಹಳಿಗಳನ್ನು ಕಿತ್ತರು. ಚಿಕ್ಕ ನಿಲ್ದಾಣಗಳ ಗಡಿಯಾರಗಳು ನಿಂತವು. ಉಳಿದದ್ದು ಮುಳ್ಳುಪೊದೆ ಬೆಳೆದ ಒಂದು ನೀಳ ಪಟ್ಟಿ ನೆಲ.

ಪಟ್ಟಿ ನೆಲದ ಬೆಲೆ

ಈ ಪಟ್ಟಿ ನೆಲದ ಬೆಲೆ ಎಷ್ಟೆಂಬುದು ತಿಳಿಯಲು ಮತ್ತೆ ಎರಡು ದಶಕಗಳು ಬೇಕಾದವು. ಸ್ಪೇನ್ ದೇಶದಲ್ಲಿ ಹೀಗೆ ಕೈಬಿಟ್ಟ ರೈಲುದಾರಿಗಳ ಉದ್ದ 7,000 ಕಿಲೋಮೀಟರಿಗೂ ಮಿಕ್ಕಿತ್ತು. ಅವನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಡುವ ‘ಹಸಿರು ದಾರಿ’ ಯೋಜನೆ 1993ರಲ್ಲಿ ಆರಂಭವಾಯಿತು. ಇಂದು ಅಂಥ ದಾರಿಗಳು ಒಟ್ಟು 3,000 ಕಿಲೋಮೀಟರಿಗಿಂತ ಹೆಚ್ಚಿವೆ. ನಮ್ಮ ಕಥೆಯ ಮೂರೂ ಪುಟ್ಟ ರೈಲುಗಳ ಹಾದಿ ಇಂದು ಹಸಿರು ದಾರಿಗಳಾಗಿವೆ. ಜಿರೋನಾದಿಂದ ಸಮುದ್ರಕ್ಕೆ ಸುಮಾರು 40 ಕಿಲೋಮೀಟರ್, ಓಲೋತ್ ಕಡೆಗೆ ಐವತ್ತಕ್ಕೂ ಮಿಕ್ಕಿ. ಪಾಲಾಮೋಸ್ ಬಳಿಯದು ಮಾತ್ರ ಕೆಲವೇ ಕಿಲೋಮೀಟರುಗಳ ತುಂಡು.

ರೈಲಿನ ಹಾದಿ ಸೈಕಲ್ಲಿಗೆ ಏಕೆ ಅಷ್ಟು ಹಿತ ಎಂದು ಓದುಗರು ಕೇಳಬಹುದು. ಉತ್ತರ ಎಂಜಿನ್ನಿನ ದುರ್ಬಲತೆಯಲ್ಲಿದೆ. ಉಗಿ ಎಂಜಿನ್ನಿಗೆ ಕಡಿದಾದ ಏರು ಹತ್ತಲಾಗದು. ಆದ್ದರಿಂದ ದಾರಿ ಮಾಡಿದವರು ದಿಣ್ಣೆಯನ್ನು ಕಡಿದು, ತಗ್ಗನ್ನು ತುಂಬಿ, ತೋಡುಗಳಿಗೆ ಸೇತುವೆ ಕಟ್ಟಿ, ಏರಿಳಿತ ತಿಳಿಯದಂತೆ ನೆಲವನ್ನು ಹದ ಮಾಡಿದ್ದರು. ನೂರು ವರ್ಷ ಹಿಂದೆ ಎಂಜಿನ್ನಿಗಾಗಿ ಪಟ್ಟ ಆ ಶ್ರಮದ ಫಲವನ್ನು ಇಂದು ಹತ್ತು ವರ್ಷದ ಮಗುವೂ ಅದರ ಅಜ್ಜನೂ ಉಣ್ಣುತ್ತಿದ್ದಾರೆ. ಹಳಿಯಿದ್ದಲ್ಲಿ ಈಗ ‘ಸೌಲೊ’ ಎಂಬ ಚರಳನ್ನು ಹಾಸಿ ಗಟ್ಟಿ ಮಾಡಿದ್ದಾರೆ. ಗ್ರಾನೈಟ್ ಶಿಲೆ ಕಾಲಕಾಲಕ್ಕೆ ಸವೆದು ಪುಡಿಯಾದ ಹೊಂಬಣ್ಣದ ಮರಳು ಅದು. ಮಳೆನೀರು ಅದರ ಮೇಲೆ ನಿಲ್ಲುವುದು ಕಡಿಮೆ, ಬೇಗ ಬಸಿದುಹೋಗುತ್ತದೆ. ಅಲ್ಲಿಯ ಗುಡ್ಡದ್ದೇ ಮಣ್ಣು ಅಲ್ಲಿಯ ದಾರಿಗೆ ಒದಗಿದೆ.

ಜಿರೋನಾದಿಂದ ಹೊರಟರೆ ಮೊದಲು ಸಿಗುವುದು ಕುಂಬಾರಿಕೆಗೆ ಹೆಸರಾದ ಕ್ವಾರ್ತ್ ಗ್ರಾಮ. ಕಪ್ಪು ಮಡಕೆಗಳು ಅಲ್ಲಿಯ ವಿಶೇಷ. ಆಮೇಲೆ ಲ್ಯಂಬೀಯಸ್, ಬಳಿಕ ಕಾರ್ಕ್ ಕಸುಬಿನ ಊರಾದ ಕಸ್ಸಾ ದ ಲಾ ಸೆಲ್ವಾ. ದಾರಿ ಮೆಲ್ಲಮೆಲ್ಲನೆ ಏರುತ್ತ ಲ್ಯಗುಸ್ತೇರಾ ತಲಪುತ್ತದೆ. ದಿಬ್ಬದ ಮೇಲೆ ಕುಳಿತ ಹಳೆಯ ಊರದು. ಅಲ್ಲಿಂದ ಸಮುದ್ರದ ಕಡೆಗೆ ಇಳಿಜಾರು. ಸಾಂತಾ ಕ್ರಿಸ್ತಿನಾ ದಾರೊ, ಕಾಸ್ತೆಲ್ ದಾರೊ ದಾಟಿದರೆ ಸಾಂತ್ ಫೆಲಿಯು ಬಂದರು. ನಿಧಾನವಾಗಿ ತುಳಿದರೂ ಅರ್ಧ ದಿನದ ಪಯಣ. ದಾರಿಯುದ್ದಕ್ಕೂ ಹಳೆಯ ನಿಲ್ದಾಣದ ಕಟ್ಟಡಗಳು ಅಲ್ಲಲ್ಲಿ ನಿಂತಿವೆ. ರೈಲಿಲ್ಲದ ಮಾತ್ರಕ್ಕೆ ಅವುಗಳನ್ನು ಕೆಡವಿಲ್ಲ. ಬೇರೆ ಬೇರೆ ಕೆಲಸಗಳಿಗೆ ಬಳಸಿಕೊಂಡಿದ್ದಾರೆ.

ಚರಳಿಗೆಂದೇ ಒಂದು ಸೈಕಲ್ಲು

ಇಂಥ ದಾರಿಗಳಿಗೆಂದೇ ಈಗ ಒಂದು ಬಗೆಯ ಸೈಕಲ್ಲು ಬಂದಿದೆ. ಅದಕ್ಕೆ ‘ಗ್ರಾವೆಲ್ ಸೈಕಲ್’ ಎನ್ನುತ್ತಾರೆ. ನೋಡಲು ಪಂದ್ಯದ ಸೈಕಲ್ಲಿನಂತೆಯೇ, ಕೆಳಕ್ಕೆ ಬಾಗಿದ ಹ್ಯಾಂಡಲ್. ಆದರೆ ಟಯರು ದಪ್ಪ. ಡಾಂಬರು ರಸ್ತೆಯ ಪಂದ್ಯದ ಸೈಕಲ್ಲಿನ ಟಯರಿನ ಅಗಲ 25ರಿಂದ 30 ಮಿಲಿಮೀಟರ್ ಇದ್ದರೆ ಇದರದ್ದು 40ರ ಆಸುಪಾಸು, ಕೆಲವೊಮ್ಮೆ 50. ಗಾಳಿಯನ್ನೂ ಕಡಿಮೆ ತುಂಬಿಸುತ್ತಾರೆ. ಗಾಳಿ ಬಿಗಿಯಾಗಿದ್ದರೆ ಚಕ್ರ ಪ್ರತಿ ಕಲ್ಲಿಗೂ ಪುಟಿಯುತ್ತದೆ. ಸಡಿಲವಾಗಿದ್ದರೆ ಕಲ್ಲನ್ನು ಅಪ್ಪಿಕೊಂಡು ಮುಂದೆ ಉರುಳುತ್ತದೆ. ಏರು ಹತ್ತಲು ಹಗುರ ಗೇರುಗಳಿರುತ್ತವೆ.

ಈ ಸವಾರಿಗೆ ಈಗ ಜಾಗತಿಕ ಮಾನ್ಯತೆಯೂ ದೊರೆತಿದೆ. ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ 2022ರಲ್ಲಿ ಇಟಲಿಯ ವೆನೆತೊ ಪ್ರಾಂತದಲ್ಲಿ ನಡೆಯಿತು. ಅದೇ ಇಟಲಿಯ ತಸ್ಕನಿಯಲ್ಲಿ 1997ರಷ್ಟು ಹಿಂದೆಯೇ ‘ಲೆರೋಯಿಕಾ’ ಎಂಬ ಸವಾರಿ ಆರಂಭವಾಗಿತ್ತು. ಹಳೆಯ ಕಾಲದ ಸೈಕಲ್ಲುಗಳನ್ನೇರಿ ಬಿಳಿ ಚರಳಿನ ಹಳ್ಳಿದಾರಿಗಳಲ್ಲಿ ಸಾಗುವ ಉತ್ಸವ ಅದು. ಡಾಂಬರಿನ ಬಾಯಿಗೆ ಬೀಳುತ್ತಿದ್ದ ಆ ಬಿಳಿ ದಾರಿಗಳನ್ನು ಉಳಿಸಬೇಕೆಂಬುದು ಅದರ ಉದ್ದೇಶಗಳಲ್ಲಿ ಒಂದು. ಡಾಂಬರು ಬಂದರೆ ಊರು ಮುಂದೆ ಬಂತು ಎಂದು ನಂಬಿರುವ ನಮಗೆ ಇದು ವಿಚಿತ್ರವೆನಿಸಬಹುದು. ಆಸ್ಪತ್ರೆಗೂ ಶಾಲೆಗೂ ಹೋಗುವ ದಾರಿಗೆ ಡಾಂಬರು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಅಲ್ಲಿಯವರಿಗೂ ಅಂಥ ರಸ್ತೆಗಳಿವೆ. ಆದರೆ ಪ್ರತಿಯೊಂದು ದಾರಿಯೂ ವೇಗಕ್ಕಾಗಿಯೇ ಇರಬೇಕಾಗಿಲ್ಲ ಎಂಬುದನ್ನು ಆ ಜನ ಕಂಡುಕೊಂಡಿದ್ದಾರೆ.

ತೊಗಟೆ ಸುಲಿಯುವ ಗುಡ್ಡಗಳು

ಹಳೆಯ ರೈಲಿನ ಹಾದಿಯನ್ನು ಬಿಟ್ಟು ಎಡಕ್ಕೆ ತಿರುಗಿದರೆ ಗವಾರೆಸ್ ಗುಡ್ಡಗಳು. ಎತ್ತರ ಹೆಚ್ಚಿಲ್ಲ, ಅತ್ಯುನ್ನತ ಶಿಖರವೂ 500 ಮೀಟರನ್ನು ಸ್ವಲ್ಪವೇ ಮೀರುತ್ತದೆ. ಇಲ್ಲಿಯ ಮಣ್ಣುದಾರಿಗಳು ಸೈಕಲ್ಲಿನವರಿಗಾಗಿ ಹುಟ್ಟಿದವಲ್ಲ. ಕಾರ್ಕ್ ಸುಲಿಯುವವರು, ಇದ್ದಿಲು ಸುಡುವವರು, ಗುಡ್ಡದ ಒಂಟಿ ಮನೆಗಳ ರೈತರು ನಡೆದು ನಡೆದು ಸವೆಸಿದ ದಾರಿಗಳಿವು.

ಕಾರ್ಕ್ ಓಕ್ ಮರದ ವಿಶೇಷವೆಂದರೆ ತೊಗಟೆ ಸುಲಿದರೂ ಅದು ಸಾಯುವುದಿಲ್ಲ. ಬೇಸಗೆಯ ತಿಂಗಳುಗಳಲ್ಲಿ, ಒಳಗೆ ರಸ ಹರಿಯುತ್ತಿರುವಾಗ, ಅನುಭವಸ್ಥರು ಕೊಡಲಿಯಿಂದ ತೊಗಟೆಯನ್ನು ಸೀಳಿ ಹಲಗೆಯಂತೆ ಎಬ್ಬಿಸುತ್ತಾರೆ. ಏಟು ಒಂದಿಷ್ಟು ಆಳಕ್ಕೆ ಬಿದ್ದರೆ ಮರಕ್ಕೆ ಗಾಯ. ಮೊದಲ ಸುಲಿಗೆಗೆ ಗಿಡ ಎರಡು ಮೂರು ದಶಕ ಬೆಳೆಯಬೇಕು. ಆ ಮೊದಲ ತೊಗಟೆ ಒರಟು, ಬೂಚಿಗೆ ಬಾರದು. ಆಮೇಲೆ ಮತ್ತೆ ತೊಗಟೆ ದಪ್ಪವಾಗಲು ಕತಲೂನ್ಯಾದಲ್ಲಿ ಹನ್ನೆರಡರಿಂದ ಹದಿನಾಲ್ಕು ವರ್ಷ ಹಿಡಿಯುತ್ತದೆ. ಸುಲಿದ ಹಲಗೆಗಳನ್ನು ನೀರಿನಲ್ಲಿ ಕುದಿಸಿ, ಮೆದುವಾಗಿಸಿ, ಚಪ್ಪಟೆ ಮಾಡಿ ಬೂಚು ಕೊರೆಯುತ್ತಾರೆ. ತಂದೆ ನೆಟ್ಟ ಮರದಿಂದ ಮಗನಿಗೆ ಬೂಚು ಎಂಬ ಲೆಕ್ಕ. ನಮ್ಮ ಅಡಿಕೆ ತೋಟದವರಿಗೆ ಈ ಕಾಯುವಿಕೆಯ ಅರ್ಥ ಬೇಗನೆ ಆಗುತ್ತದೆ. ಈ ಕಸುಬಿನ ಪೂರ್ಣ ಚಿತ್ರ ಬೇಕಾದವರಿಗೆ ಪಾಲಾಫ್ರುಜೆಲ್ ಪಟ್ಟಣದಲ್ಲಿ ಹಳೆಯ ಕಾರ್ಖಾನೆಯೊಂದರ ಆವರಣದಲ್ಲಿ ಕಾರ್ಕ್ ವಸ್ತುಸಂಗ್ರಹಾಲಯವಿದೆ.

ಇಪ್ಪತ್ತನೆಯ ಶತಮಾನದಲ್ಲಿ ಗುಡ್ಡದ ಅನೇಕ ಒಂಟಿ ಮನೆಗಳು ಬರಿದಾದವು. ಮಕ್ಕಳು ಕಾರ್ಖಾನೆಗೂ ಕರಾವಳಿಯ ಹೋಟೆಲುಗಳಿಗೂ ಇಳಿದುಹೋದರು. ಕಟ್ಟಿಗೆ ಕಡಿಯುವವರಿಲ್ಲ, ಆಡು ಮೇಯಿಸುವವರಿಲ್ಲ. ಕಾಡು ಬೆಳೆದರೆ ಒಳ್ಳೆಯದಲ್ಲವೇ ಎಂದು ಕೇಳಿದರೆ ಅಲ್ಲಿಯವರು ತಲೆಯಾಡಿಸುತ್ತಾರೆ. ಒಣ ಬೇಸಗೆಯ ನಾಡಿನಲ್ಲಿ ಆರೈಕೆಯಿಲ್ಲದೆ ಹೆಣೆದುಕೊಂಡ ಪೊದೆಗಳೆಂದರೆ ಬೆಂಕಿಗೆ ಒಟ್ಟಿದ ಸೌದೆ. 2012ರ ಜುಲೈಯಲ್ಲಿ ಇದೇ ಪ್ರಾಂತದ ಉತ್ತರಕ್ಕೆ, ಲಾ ಜುಂಕೇರಾ ಸುತ್ತಮುತ್ತ ಹತ್ತಿದ ಬೆಂಕಿ 10,000 ಹೆಕ್ಟೇರಿಗೂ ಮಿಕ್ಕಿ ಸುಟ್ಟಿತು. ಕಾರ್ಕ್ ಮರಕ್ಕೆ ಅದರ ದಪ್ಪ ತೊಗಟೆಯೇ ಬೆಂಕಿಯ ಕವಚ. ಸುತ್ತಲಿನ ಮರಗಳು ಬೂದಿಯಾದರೂ ಅದು ಮತ್ತೆ ಚಿಗುರುವುದುಂಟು. ಆದರೆ ಆಗಷ್ಟೇ ಸುಲಿಸಿಕೊಂಡ ಮರ ನಿರಾಯುಧ. ಬೆಂಕಿಯ ಭಯ ವಿಪರೀತವಾಗಿರುವ ದಿನಗಳಲ್ಲಿ ಗುಡ್ಡದ ದಾರಿಗಳನ್ನೇ ಮುಚ್ಚುತ್ತಾರೆ. ಬೇಸಗೆಯ ರಜೆಯಲ್ಲಿ ಸೈಕಲ್ಲು ಹೊತ್ತು ಬಂದವರು ಇದನ್ನು ತಿಳಿದಿರಬೇಕು. ಸವಾರಿಗೆ ಹಿತವಾದ ಕಾಲ ವಸಂತ ಮತ್ತು ಶರತ್ಕಾಲ.

ಬಯಲು, ಗಾಳಿ, ಹಳ್ಳಿ

ಗುಡ್ಡ ಇಳಿದರೆ ಎಂಪುರ್ದಾ ಬಯಲು. ಈ ಹೆಸರು ಬಂದದ್ದು ತೀರದಲ್ಲಿರುವ ಎಂಪೂರಿಯೆಸ್ ಎಂಬ ಜಾಗದಿಂದ. ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಗ್ರೀಕ್ ವರ್ತಕರು ಅಲ್ಲಿ ಇಳಿದು ‘ಎಂಪೋರಿಯೊನ್’, ಅಂದರೆ ಪೇಟೆ, ಕಟ್ಟಿದರು. ಅದೇ ತೀರದಲ್ಲಿ ಕ್ರಿಸ್ತಪೂರ್ವ 218ರಲ್ಲಿ ರೋಮನರ ಸೇನೆ ಇಳಿಯಿತು. ಇಂದು ಅಲ್ಲಿ ಗೋಧಿ, ಬಾರ್ಲಿ, ಜೋಳದ ಹೊಲಗಳು, ಸೇಬಿನ ತೋಟಗಳು ಇವೆ. ಪಾಲ್ಸ್ ಎಂಬ ಊರಿನ ಸುತ್ತ ಭತ್ತದ ಗದ್ದೆಗಳೂ ಇವೆ ಎಂದರೆ ನಮ್ಮವರಿಗೆ ಆಶ್ಚರ್ಯವಾದೀತು. ಆ ಗದ್ದೆಗಳ ಬದಿಯ ಮಣ್ಣುದಾರಿಗಳೇ ಸೈಕಲ್ಲಿನವರಿಗೆ ಅಚ್ಚುಮೆಚ್ಚು. ಪೆರತಲ್ಯಾದಾ, ಮುನೆಲ್ಸ್, ಉಲ್ಯಸ್ತ್ರೆತ್ ಮೊದಲಾದ ಕಲ್ಲುಮನೆಗಳ ಹಳ್ಳಿಗಳನ್ನು ಈ ದಾರಿಗಳು ಹೊಲದ ನಡುವಿನಿಂದಲೇ ಮುಟ್ಟಿಸುತ್ತವೆ.

ಇಲ್ಲಿ ಸವಾರನಿಗೆ ಎದುರಾಳಿ ಏರಲ್ಲ, ಗಾಳಿ. ಉತ್ತರದ ಪಿರನೀಸ್ ಪರ್ವತಗಳ ಕಡೆಯಿಂದ ಬೀಸುವ ‘ತ್ರಮುಂತಾನಾ’ ಗಾಳಿ ಎದುರಾದರೆ ಸಪಾಟು ನೆಲದಲ್ಲೂ ಬೆಟ್ಟ ಹತ್ತಿದ ದಣಿವು. ಗದ್ದೆ ತೋಟಗಳ ಬದಿಗೆ ಸಾಲಾಗಿ ಸೈಪ್ರೆಸ್ ಮರಗಳನ್ನು ನೆಟ್ಟಿರುವುದು ಅಂದಕ್ಕಲ್ಲ, ಗಾಳಿಗೆ ಅಡ್ಡಗೋಡೆಯಾಗಿ. ಹೋಗುವಾಗ ಗಾಳಿಗೆ ಎದುರಾಗಿ, ಬರುವಾಗ ಬೆನ್ನಿಗೆ ಹಾಕಿಕೊಂಡು ದಾರಿಯನ್ನು ಯೋಜಿಸುವುದು ಜಾಣತನ.

ಫಲಕದ ಮೇಲಿನ ಹೆಸರು

ಈ ದಾರಿಗಳ ಬದಿಯಲ್ಲಿ ನೆಟ್ಟ ಫಲಕಗಳಲ್ಲಿ ಊರುಗಳ ಹೆಸರು ಕತಲಾನ್ ಭಾಷೆಯಲ್ಲಿದೆ. ಓದುಗರು ಇದನ್ನು ಗಮನಿಸಬೇಕು. ಯಾಕೆಂದರೆ ಪುಟ್ಟ ರೈಲು ನಿಂತ 1969ರಲ್ಲಿ ಹಾಗಿರಲಿಲ್ಲ. ಸರ್ವಾಧಿಕಾರಿ ಫ್ರಾಂಕೊನ ಆಡಳಿತದಲ್ಲಿ, ಅಂದರೆ 1939ರಿಂದ 1975ರವರೆಗೆ, ಕಚೇರಿಯಲ್ಲೂ ಶಾಲೆಯಲ್ಲೂ ಸ್ಪಾನಿಷ್ ಒಂದೇ ಭಾಷೆ. ಜಿರೋನಾ ಆಗ ಅಧಿಕೃತವಾಗಿ ‘ಹೆರೋನಾ’ ಆಗಿತ್ತು. ಪಾಲಾಫ್ರುಜೆಲ್ಲಿನಲ್ಲಿ ಹುಟ್ಟಿದ ದೊಡ್ಡ ಕತಲಾನ್ ಗದ್ಯಲೇಖಕ ಜುಸೆಪ್ ಪ್ಲಾ (1897–1981) ತನ್ನ ನಾಡಿನ ಹಳ್ಳಿಗಳನ್ನು ಬಸ್ಸಿನಲ್ಲಿ ಸುತ್ತಿದ ಅನುಭವವನ್ನು 1942ರಲ್ಲಿ ಪ್ರಕಟಿಸಿದ್ದು ಸ್ಪಾನಿಷಿನಲ್ಲಿ. ಆ ದಿನಗಳಲ್ಲಿ ಕತಲಾನಿನಲ್ಲಿ ಪ್ರಕಟಿಸಲು ಆಸ್ಪದವಿರಲಿಲ್ಲ. ಪ್ರಾಂತದ ಹೆಸರು ಜಿರೋನಾ ಎಂದು ದೇಶದ ಕಾನೂನಿನಲ್ಲಿ ದಾಖಲಾದದ್ದು 1992ರಲ್ಲಿ. ಮರುವರ್ಷವೇ ಹಸಿರು ದಾರಿ ಯೋಜನೆ ಆರಂಭವಾಯಿತು. ಹೀಗಾಗಿ ಹೊಸ ದಾರಿಗೆ ಫಲಕ ಬರೆಯುವ ಹೊತ್ತಿಗೆ ಊರುಗಳಿಗೆ ತಮ್ಮ ಹೆಸರು ಮರಳಿ ಬಂದಿತ್ತು.

ಇದೇ ದಾರಿಗಳನ್ನು ಜೋಡಿಸಿ ‘ಪಿರಿನೆಕ್ಸಸ್’ ಎಂಬ 353 ಕಿಲೋಮೀಟರಿನ ಒಂದು ಸುತ್ತುದಾರಿ ಮಾಡಿದ್ದಾರೆ. ಅದು ಕರಾವಳಿಯಿಂದ ಹೊರಟು, ಫ್ರಾನ್ಸಿನೊಳಕ್ಕೆ ಹೊಕ್ಕು, 1,513 ಮೀಟರ್ ಎತ್ತರದ ಆರೆಸ್ ಕಣಿವೆಯಲ್ಲಿ ಮತ್ತೆ ಗಡಿ ದಾಟಿ, ಓಲೋತ್ ಮಾರ್ಗವಾಗಿ ಜಿರೋನಾಕ್ಕೆ ಬರುತ್ತದೆ. ಗಡಿಯಾಚೆಯ ಆ ಭಾಗವೂ ಮೂಲತಃ ಕತಲಾನ್ ನುಡಿಯ ನೆಲ. 1659ರ ಒಪ್ಪಂದದಲ್ಲಿ ಅದು ಫ್ರಾನ್ಸಿಗೆ ಹೋಯಿತು. ಒಂದೇ ಮಾತಿನ ಹಳ್ಳಿಗಳ ನಡುವೆ ಗಡಿಕಲ್ಲು ನೆಟ್ಟರೆ ಏನಾಗುತ್ತದೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೈಕಲ್ಲು ಮಾತ್ರ ಎರಡೂ ಕಡೆಯ ಹಳ್ಳಿಗಳನ್ನು ಒಂದೇ ಸುತ್ತಿನಲ್ಲಿ ಮುಟ್ಟಿಬರುತ್ತದೆ.

ಲಾಭದ ಬೆನ್ನಿಗೇ ತಕರಾರು

ಜಿರೋನಾ ಇಂದು ಸೈಕಲ್ಲಿನ ಊರು. ಹೊರದೇಶಗಳ ವೃತ್ತಿಪರ ಸವಾರರು ಅನೇಕರು ಅಲ್ಲಿ ಮನೆ ಮಾಡಿದ್ದಾರೆ. 2019ರಿಂದ ‘ಟ್ರಾಕಾ’ ಎಂಬ ಚರಳುದಾರಿಯ ಪಂದ್ಯ ಅಲ್ಲಿ ನಡೆಯುತ್ತಿದೆ. ಅದರಲ್ಲಿ 360 ಕಿಲೋಮೀಟರಿನ ವಿಭಾಗವೂ ಇದೆ. ಇದರಿಂದ ಹೋಟೆಲಿನವರಿಗೆ, ರಿಪೇರಿ ಅಂಗಡಿಯವರಿಗೆ, ಹಳ್ಳಿಯ ಕಾಫಿ ಅಂಗಡಿಗೆ ಸಂಪಾದನೆ. ಸಮುದ್ರ ಸ್ನಾನದ ಎರಡು ತಿಂಗಳು ಮುಗಿದ ಮೇಲೆ ಖಾಲಿ ಬೀಳುತ್ತಿದ್ದ ಕಡೆಗೆ ವಸಂತದಲ್ಲೂ ಶರತ್ಕಾಲದಲ್ಲೂ ಜನ ಬರುತ್ತಾರೆ. ಕರಾವಳಿಯಲ್ಲೇ ನಿಲ್ಲುತ್ತಿದ್ದ ದುಡ್ಡು ಒಳನಾಡಿಗೂ ಹರಿಯುತ್ತದೆ.

ಆದರೆ ಮನೆ ಬಾಡಿಗೆ ಏರಿ ಊರಿನವರಿಗೇ ಹಳೆ ಪೇಟೆಯಲ್ಲಿ ಬಾಳುವುದು ಕಷ್ಟವಾಗುತ್ತಿದೆ ಎಂಬ ದೂರೂ ಜೊತೆಯಲ್ಲೇ ಬಂದಿದೆ. ಗುಂಪಾಗಿ ಬಿರುಸಿನಿಂದ ಬರುವ ಸವಾರರಿಂದ ನಡೆಯುವ ಮುದುಕರಿಗೆ ಕಿರಿಕಿರಿ. ಗುಡ್ಡದ ಎಷ್ಟೋ ದಾರಿಗಳು ಖಾಸಗಿ ಕಾಡಿನ ನಡುವೆ ಹೋಗುತ್ತವೆ. ಗೇಟು ತೆರೆದು ಹಾಗೆಯೇ ಬಿಟ್ಟು ಹೋದರೆ ದನಕರು ಹೊರಬೀಳುತ್ತವೆ. ಹಸಿರು ದಾರಿಯಲ್ಲಿ ನಡೆಯುವವನಿಗೆ ಮೊದಲ ಹಕ್ಕು, ಸೈಕಲ್ಲಿನವನು ನಿಧಾನಿಸಿ ಬೆಲ್ಲು ಬಾರಿಸಬೇಕು. ನಿಯಮ ಚಿಕ್ಕದು, ಆದರೆ ಬಂದವನು ಅತಿಥಿಯೋ ಉಪದ್ರವವೋ ಎಂಬುದು ತೀರ್ಮಾನವಾಗುವುದು ಅದರಲ್ಲೇ.

ಇನ್ನೊಂದು ಮಾತನ್ನು ಮರೆಯಬಾರದು. ದಾರಿಯನ್ನು ಸವಾರರು ಬಳಸಬಹುದು, ಆದರೆ ಕಾಡನ್ನು ಸವಾರರು ಕಾಯಲಾರರು. ಪೊದೆ ಸವರುವವನು, ತೊಗಟೆ ಸುಲಿಯುವವನು, ಆಡು ಮೇಯಿಸುವವನು ಗುಡ್ಡದಲ್ಲಿ ಉಳಿದರೆ ಮಾತ್ರ ಬೆಂಕಿಯ ಭಯ ಕಡಿಮೆಯಾದೀತು. ಕಾರ್ಕಿಗೆ ಬೆಲೆ ಬಿದ್ದು ಅವರು ಇಳಿದುಹೋದರೆ, ನೋಡಲು ಬಂದ ಕಾಡೇ ಇಲ್ಲದಂತಾಗಬಹುದು.

ಆದ್ದರಿಂದ ಈ ದಾರಿಗಳನ್ನು ಬರಿಯ ಮೋಜಿನ ದಾರಿ ಎಂದು ಬದಿಗಿಡುವುದು ಸರಿಯಲ್ಲ. ರೈಲು ನಿಂತಾಗ ಆ ನೆಲದ ಪಟ್ಟಿಯನ್ನು ತುಂಡು ತುಂಡಾಗಿ ಮಾರಿ ಬೇಲಿ ಹಾಕಿದ್ದರೆ ಇಂದು ಅದನ್ನು ಯಾವ ಸರಕಾರಕ್ಕೂ ಜೋಡಿಸಲು ಸಾಧ್ಯವಾಗುತ್ತಿರಲಿಲ್ಲ. ಇಪ್ಪತ್ತು ಮೂವತ್ತು ವರ್ಷ ಯಾರಿಗೂ ಬೇಡವಾಗಿ ಬಿದ್ದಿದ್ದರೂ ಅದು ಒಂದೇ ದಾರಿಯಾಗಿ ಉಳಿದಿತ್ತು. ಹಾಗಾಗಿ ಬೇರೊಂದು ಕೆಲಸಕ್ಕೆ ಒದಗಿತು. ಸಾರ್ವಜನಿಕ ದಾರಿಗೆ ಇಂದು ಬಳಕೆ ಇಲ್ಲವೆಂದು ಕಂಡರೂ ಅದರ ಹಕ್ಕನ್ನು ಕೈಬಿಡಬಾರದು ಎಂಬುದಕ್ಕೆ ಇದಕ್ಕಿಂತ ಸರಳ ಪಾಠ ಬೇಕಿಲ್ಲ. ಸ್ಪೇನಿನಲ್ಲೇ ಇನ್ನೂ ಎಷ್ಟೋ ಸಾವಿರ ಕಿಲೋಮೀಟರುಗಳ ಹಳೆಯ ರೈಲುದಾರಿ ಪೊದೆ ಬೆಳೆದು ಬಿದ್ದಿದೆ. ಅಲ್ಲಿಯೂ ಒಂದು ದಿನ ಚರಳು ಬಿದ್ದೀತು, ಮಕ್ಕಳು ಸೈಕಲ್ಲು ತುಳಿದಾರು. ಅಷ್ಟರತನಕ ಯಾರೂ ಬೇಲಿಯನ್ನು ಒಂದು ಮೊಳ ಮುಂದಕ್ಕೆ ಸರಿಸದಿದ್ದರೆ.